ಜರಡಿ ಮೇಡಂ ನೋಡಬಾರದ್ದನ್ನು ನೋಡಿದ್ದು

ಅವರಿಬ್ಬರ ಪರಿಚಯವಾದದ್ದು ಕಸದ ದೆಸೆಯಿಂದ. ಅದೂ ಒಬ್ಬರ ಕಸವನ್ನು ಇನ್ನೊಬ್ಬರು ಹೆಕ್ಕಬೇಕಾಗಿ ಬಂದು.

ಸಂಶೋಧನಾ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಮೀನಿನ ತೊಟ್ಟಿಗಳು, ಮೇಲಿನದರಲ್ಲಿ ಕಂಪ್ಯೂಟರುಗಳು. ಕೆಳಗಿದ್ದವನು ಕೆರೆ ಮೀನಿನ ಹೊಟ್ಟೆ ಸೀಳಿ, ಒಳಗೆ ಬಿಟ್ಟಿ ಊಟ ಹೊಡೆಯುತ್ತ ಮಲಗಿದ್ದ ಹುಳವನ್ನು ತೆಗೆದು, ಅದರ ಡಿಎನ್‌ಎ ಬಿಡಿಸಿ ಕಳಿಸುತ್ತಿದ್ದ. ಎಲ್ಲರ ಬಾಯಲ್ಲೂ ಅವನು ಹುಳಪ್ಪ. ಮೇಲಿದ್ದವಳು ಆ ಡಿಎನ್‌ಎ ಓದಿಸಿದಾಗ ಬರುವ ಕೋಟಿಗಟ್ಟಲೆ ಚೂರುಗಳನ್ನು ಕಂಪ್ಯೂಟರಿನಲ್ಲಿ ಸೋಸುತ್ತಿದ್ದಳು. ಮೊದಲು ಮನುಷ್ಯನದ್ದು ಹೊರಗೆ, ಆಮೇಲೆ ಮೀನಿನದ್ದು, ಆಮೇಲೆ ಬ್ಯಾಕ್ಟೀರಿಯಾದ್ದು, ಉಳಿದದ್ದು ಹುಳದ್ದು. ಹಾಗಾಗಿ ಅವಳು ಜರಡಿ ಮೇಡಂ. ಊರಿನ ಕೆಳಗಿನ ಕೆರೆಯ ಮೀನಿಗೆ ಹುಳ ಹತ್ತುತ್ತದೆ, ಮೇಲಿನ ಕೆರೆಯ ಅದೇ ಜಾತಿಯ ಮೀನಿಗೆ ಹತ್ತುವುದೇ ಅಪರೂಪ. ಯಾಕೆ ಎಂಬುದು ಇಬ್ಬರೂ ಹುಡುಕುತ್ತಿದ್ದ ಗುಟ್ಟು.

ಹುಳಪ್ಪ ಕಳಿಸಿದ ಮೊದಲ ಕಂತಿನಲ್ಲಿ ಹುಳಕ್ಕಿಂತ ಮನುಷ್ಯನೇ ಜಾಸ್ತಿ ಇದ್ದ. ಜರಡಿ ಮೇಡಂಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ದಡದಡ ಮೆಟ್ಟಿಲಿಳಿದಳು.

"ಮೀನು ಕೊಯ್ಯೋವಾಗ ನೀವು ಮಾಸ್ಕ್ ಹಾಕ್ಕೊಳ್ಳಲ್ವಾ?"

"ಹಾಕ್ಕೋತೀನಿ. ಕನ್ನಡಕ ಮಂಜಾಗುತ್ತೆ. ಕರುಳು ಯಾವುದು ಹುಳ ಯಾವುದು ಗೊತ್ತಾಗಲ್ಲ. ತೆಗೆದುಬಿಡ್ತೀನಿ."

"ಹೋಗ್ಲಿ, ಬಾಯಾದ್ರೂ ಮುಚ್ಕೊಂಡಿರ್ತೀರಾ?"

ಅವನು ಕಿವಿ ಕೆರೆದುಕೊಂಡ. "ಮಾತಾಡ್ತಿರ್ತೀನಿ."

"ಯಾರ ಹತ್ರ?"

ಚಿಮಟದ ತುದಿಯಿಂದ ತಟ್ಟೆಯಲ್ಲಿ ಹೊರಳುತ್ತಿದ್ದ ಹುಳವನ್ನು ತೋರಿಸಿದ. "ಪಾಪ, ಇದ್ದ ಮನೆ ಬಿಡಿಸ್ತಿದೀನಲ್ಲ. ಒಂದು ಮಾತು ಹೇಳ್ಬೇಕಲ್ವಾ?"

ಬೈಯಲೆಂದು ಬಂದವಳು ನಗು ತಡೆಯಲು ಕೆನ್ನೆ ಒಳಗಿನಿಂದ ಕಚ್ಚಿಕೊಂಡಳು. "ನಿಮ್ಮನ್ನ ಸೋಸಿ ಬಿಸಾಕೋದೇ ನನಗೊಂದು ಕೆಲಸ ಆಗಿದೆ."

"ಪೂರ್ತಿ ಬಿಸಾಕ್ಬೇಡಿ. ಒಂಚೂರು ಇಟ್ಕೊಳ್ಳಿ," ಎಂದ ಆಸಾಮಿ. ಹೇಳಿದ ಮೇಲೆ ಅವನ ಕಿವಿಯೇ ಕೆಂಪಾಯಿತು.

ಇಟ್ಟುಕೊಳ್ಳುವಂತಿರಲಿಲ್ಲ, ಅದು ಬೇರೆ ಮಾತು. ಸೋಸಿದ ಮನುಷ್ಯನ ಡಿಎನ್‌ಎಯನ್ನು ತೆರೆದು ನೋಡದೆ ಅಳಿಸಬೇಕು, ಅದು ಆ ಕೆಲಸದ ನಿಯಮ. ಮೀನು ಕೊಯ್ಯಲು ಬಂದವನು ತನ್ನನ್ನು ಓದಿ ಎಂದು ಯಾರಿಗೂ ಒಪ್ಪಿಗೆ ಕೊಟ್ಟಿರುವುದಿಲ್ಲವಲ್ಲ. ಹೊಸಬರಿಗೆ ಈ ಪಾಠ ಹೇಳಿಕೊಡುತ್ತಿದ್ದವಳೇ ಜರಡಿ ಮೇಡಂ.

ಆಮೇಲಾಮೇಲೆ ಅವಳಿಗೆ ಕೆಳಗಿಳಿಯಲು ನೆಪಗಳು ತಾವಾಗಿಯೇ ಹುಟ್ಟತೊಡಗಿದವು. ಲೇಬಲ್ ಅಕ್ಷರ ಓದಲಾಗುತ್ತಿಲ್ಲ. ಐಸ್ ಪೆಟ್ಟಿಗೆ ಎಲ್ಲಿ. ಜೀವಂತ ಹುಳ ನೋಡಬೇಕಿತ್ತು. ಅವನು ಮೀನಿಗೆ ಆಹಾರ ಉದುರಿಸುವಾಗ ಅವಳು ತೊಟ್ಟಿಯ ಈಚೆ ನಿಲ್ಲುವಳು. ಗಾಜಿನ ಆಚೆಯಿಂದ ನೀರಿನಲ್ಲಿ ಅಲುಗಾಡುವ ಅವನ ಮುಖ ಒಮ್ಮೆ ಉದ್ದ ಕಾಣುವುದು, ಒಮ್ಮೆ ಅಗಲ. ಕಣ್ಣು ಮಾತ್ರ ನೆಟ್ಟಗೆ ಇವಳ ಮೇಲೆಯೇ. ಇವಳು ನೋಡಿದರೆ ತಟ್ಟನೆ ಮೀನು ಎಣಿಸುವವನಂತೆ ನಟಿಸುವನು. ಎಣಿಕೆ ಯಾವಾಗಲೂ ತಪ್ಪುತ್ತಿತ್ತು.

ಒಂದು ದಿನ, ಯಾರೂ ಇಲ್ಲದಾಗ, ಅವಳು ಅಳಿಸಬೇಕಾದ ಆ ಕಸವನ್ನು ತೆರೆದಳು. ಹೆಚ್ಚೇನೂ ಇಲ್ಲ, ವೈ ಕ್ರೋಮೋಸೋಮಿನ ಚೂರುಗಳಿವೆಯಾ ಎಂದಷ್ಟೇ ನೋಡಿದಳು. ಗಂಡಸಾದರೆ ಇರುತ್ತವೆ. ಇದ್ದವು. ಇದ್ದಾನೆ, ಎಂದುಕೊಂಡು ನಾಚಿ ಮುಚ್ಚಿದಳು. ಅಯ್ಯೋ, ಇಷ್ಟು ಓದಿದವಳು ಮಾಡುವ ಕೆಲಸವೇ ಇದು! ಆದರೂ ಪ್ರತಿ ಕಂತಿನಲ್ಲೂ ಒಂದು ಸಲ ಹಣಿಕಿ ನೋಡುವುದು ಚಟವಾಯಿತು.

ಹಾಗೆ ನೋಡುತ್ತಿದ್ದಾಗಲೇ, ಮೇಲಿನ ಕೆರೆಯ ಮೀನಿನಲ್ಲಿ ಸಿಕ್ಕ ಒಂದೇ ಒಂದು ಹುಳದ ಸ್ಯಾಂಪಲ್‌ನಲ್ಲಿ, ವೈ ಚೂರುಗಳು ಹೆಸರಿಗಷ್ಟೇ ಇದ್ದವು. ಮನುಷ್ಯನ ಡಿಎನ್‌ಎ ಮಾತ್ರ ರಾಶಿ. ಅಂದರೆ ಹೆಂಗಸಿನದು.

ಅವಳು ಮತ್ತೆ ಮತ್ತೆ ಲೆಕ್ಕ ಹಾಕಿದಳು. ಕೆಳಗಿನ ಕೋಣೆಯಲ್ಲಿ ಕೊಯ್ಯುವವನು ಅವನೊಬ್ಬನೇ. ಹಾಗಾದರೆ ಅವನ ಭುಜಕ್ಕೆ ಭುಜ ತಾಗಿಸಿ, ತಟ್ಟೆಯ ಮೇಲೆ ಬಗ್ಗಿ, ಅಷ್ಟು ಹತ್ತಿರದಲ್ಲಿ ನಕ್ಕು ಮಾತಾಡಿದವಳು ಯಾರು? ಕೀಲಿಮಣೆಯನ್ನು ಆಚೆ ತಳ್ಳಿದಳು.

ವಿಧಿಯ ಆಟ ನೋಡಿ, ಅವತ್ತೇ ಮಧ್ಯಾಹ್ನ ಅವನು ಮೇಲೆ ಬಂದ. ಕೈ ತೊಳೆದು, ತಲೆ ಬಾಚಿ ಬಂದಿದ್ದ.

"ಸಮುದ್ರದ ದಂಡೇಲಿರೋ ಕೇಂದ್ರದಿಂದ ಕರೆ ಬಂದಿದೆ. ಎರಡು ವರ್ಷದ ಕೆಲಸ. ಸಮುದ್ರದ ಮೀನು, ಅದರ ಹುಳಗಳು." ಸ್ವಲ್ಪ ತಡೆದ. "ಏನ್ಮಾಡ್ಲಿ ಅಂತ ನಿಮ್ಮನ್ನ ಕೇಳೋಣ ಅಂತ ಬಂದೆ."

"ನನ್ನನ್ನ ಯಾಕೆ ಕೇಳ್ತೀರಿ?"

"ಬೇರೆ ಯಾರನ್ನ ಕೇಳ್ಲಿ?"

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. "ಒಳ್ಳೇ ಅವಕಾಶ. ಹೋಗಿ."

ಅವನು ಇನ್ನೇನಾದರೂ ಬರಬಹುದೆಂದು ಕಾದು ನಿಂತ. ಬರಲಿಲ್ಲ. ಸದ್ದಿಲ್ಲದೆ ಮೆಟ್ಟಿಲಿಳಿದು ಹೋದ.

ಮರುದಿನ ಸಂಜೆ ಅಡುಗೆಮನೆಯಲ್ಲಿ ಅವಳ ಅಕ್ಕ ಕೇಳಿದಳು, "ಈರುಳ್ಳಿ ನಿನಗೇನು ಅನ್ಯಾಯ ಮಾಡ್ತು? ಹಂಗೆ ಕೊಚ್ತಿದೀಯಲ್ಲ."

ಜರಡಿ ಮೇಡಂ ಒಂದೂ ಬಿಡದೆ ಹೇಳಿದಳು. ಅಕ್ಕ ಒಲೆ ಸಣ್ಣ ಮಾಡಿ ಕೇಳಿಸಿಕೊಂಡಳು.

"ನಿನ್ನ ತಲೆಗೆ ನೀನೇ ಹುಳ ಬಿಟ್ಕೊಂಡಿದೀಯ. ಅವನನ್ನ ಕೇಳಿದ್ಯಾ?"

"ಕೇಳೋಕೇನಿದೆ ಅಕ್ಕಾ? ಡಿಎನ್‌ಎನೇ ಹೇಳ್ತಲ್ಲ."

"ಹೆಂಗಸು ಅಂತ ಹೇಳ್ತು. ಯಾರು ಅಂತ ಹೇಳ್ತಾ?"

ಜರಡಿ ಮೇಡಂ ಇನ್ನೊಂದು ಈರುಳ್ಳಿ ಕೈಗೆತ್ತಿಕೊಂಡಳು. ಕಣ್ಣೀರಿಗೆ ಈರುಳ್ಳಿಯ ನೆಪವಾದರೂ ಇತ್ತು.

ಬೆಳಿಗ್ಗೆ ಕೆಳಗಿಳಿದಾಗ ಅವನು ಉಪಕರಣಗಳನ್ನು ಒರೆಸಿ ಪೆಟ್ಟಿಗೆಗೆ ತುಂಬುತ್ತಿದ್ದ. ಕೊಯ್ಯುವ ಉದ್ದನೆಯ ಮೇಜಿನ ಆಚೆ ಅವನು, ಈಚೆ ಅವಳು.

"ನಿಮ್ಮ ಜೊತೆ ಅವರೂ ಬರ್ತಾರಾ?" ಎಷ್ಟು ಸಹಜವಾಗಿ ಕೇಳಬೇಕೆಂದುಕೊಂಡಿದ್ದಳೋ ಅಷ್ಟೇ ಅಸಹಜವಾಗಿ ಬಂತು ಮಾತು.

"ಯಾರು?"

"ಮೇಲಿನ ಕೆರೆ ಮೀನು ಕೊಯ್ದಾಗ ನಿಮ್ಮ ಪಕ್ಕದಲ್ಲಿ ಇದ್ರಲ್ಲ, ಅವರು."

ಅವನು ಕನ್ನಡಕ ತೆಗೆದು ಅವಳನ್ನೇ ದಿಟ್ಟಿಸಿದ. "ಇದ್ದವರು ನೀವೇ ಅಲ್ವಾ?"

"ನಾನಾ?"

"ನಿಮಗೆ ಅವತ್ತು ಸಿಕ್ಕಾಪಟ್ಟೆ ನೆಗಡಿ. ಜೀವಂತ ಹುಳ ನೋಡ್ಬೇಕು ಅಂತ ಬಂದ್ರಿ. ಯಾವ ಕೆರೆ ಮೀನು ಅಂತ ಕೇಳ್ಲೂ ಇಲ್ಲ. ಬಗ್ಗಿದ್ರಿ. ಸರಿಯಾಗಿ ತಟ್ಟೆ ಮೇಲೆ ಸೀನಿದ್ರಿ. ನಾನು ಬೇಡ ಅನ್ನೋಷ್ಟರಲ್ಲಿ ಇನ್ನೊಂದು." ಅವನ ತುಟಿಯಂಚಿನಲ್ಲಿ ನಗು ಹಣಿಕಿತು. "ಇದ್ದಿದ್ದೇ ಒಂದು ಹುಳ, ಬಿಸಾಕೋ ಹಾಗಿರ್ಲಿಲ್ಲ. ಹೇಗೂ ಮೇಡಮ್ಮೇ ಸೋಸ್ತಾರಲ್ಲ ಅಂತ ಕಳಿಸಿದೆ."

ನೆಲ ಬಾಯಿ ಬಿಡಬಾರದೇ ಎನ್ನಿಸಿತು ಅವಳಿಗೆ. ಎರಡು ದಿನದಿಂದ ಯಾರ ಮೇಲೆ ಹಲ್ಲು ಕಡಿದಳೋ ಅವಳು ತಾನೇ!

ಅವನ ನಗು ಅಲ್ಲೇ ನಿಂತಿತು. "ಒಂದ್ನಿಮಿಷ. ನಿಮಗೆ ಹೇಗೆ ಗೊತ್ತಾಯ್ತು? ಅದನ್ನ ನೋಡಬಾರದು ಅಲ್ವಾ?"

"ನೋಡಬಾರದು."

"ನೋಡಿದ್ರಾ?"

"ನೋಡ್ದೆ. ಪ್ರತಿ ಸಲ ನೋಡ್ತಿದ್ದೆ. ನೀವು ಇದೀರಾ ಅಂತ." ಅವಳು ಒರೆಸುವ ಬಟ್ಟೆಯನ್ನು ಎಳೆದುಕೊಂಡು ಮಡಚತೊಡಗಿದಳು. "ತಪ್ಪು ಮಾಡ್ದೆ. ಯಾವಳೋ ಇದಾಳೆ ಅಂದ್ಕೊಂಡು ಹೊಟ್ಟೆ ಉರಿದು, 'ಹೋಗಿ' ಅಂದ್ಬಿಟ್ಟೆ."

ಅವನು ಚಿಮಟವನ್ನು ಮೇಜಿನ ಮೇಲಿಟ್ಟ. ಕನ್ನಡಕ ಮತ್ತೆ ಹಾಕಿಕೊಂಡ.

"ನಿನ್ನೆ ಒಪ್ಪಿಗೆ ಕಳಿಸಿಬಿಟ್ಟೆ," ಎಂದ. "ಕೇಂದ್ರದವರು ಆ ಕೆಲಸ ಕೇಳಿದ್ದ ಬೇರೆಯವರಿಗೆ ಬೇಡ ಅಂತ ಹೇಳಿಯೂ ಆಯ್ತಂತೆ. ಈಗ ಕೈ ಎತ್ತೋಕಾಗಲ್ಲ. ಸೋಮವಾರ ಹೊರಡ್ಬೇಕು."

ಅವಳು ಅರ್ಧ ತುಂಬಿದ ಪೆಟ್ಟಿಗೆಯತ್ತ ನೋಡಿದಳು.

"ನನಗೆ ಬೈದಿದ್ರೂ ಬೇಜಾರಿರ್ಲಿಲ್ಲ," ಅವನೇ ಮುಂದುವರಿಸಿದ. "ಅವತ್ತು ಮೇಲೆ ಬಂದಿದ್ದು ಹೋಗ್ಲಾ ಬೇಡ್ವಾ ಅಂತ ಕೇಳೋಕಲ್ಲ. ನೀವು ಬೇಡ ಅಂತೀರೇನೋ ಅಂತ."

ಅವಳು ಇನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ ಎಂದುಕೊಂಡಳು. "ನನಗೆ ನೀವು ಬೇಕು. ಬೇಕು ಅನ್ನೋದಕ್ಕೆ ಬಾಯಿ ಬರ್ಲಿಲ್ಲ, ಹೋಗಿ ಅನ್ನೋದಕ್ಕೆ ಬಂತು. ಅಷ್ಟೇ ನನ್ನ ಜಾಣತನ."

"ಎರಡು ವರ್ಷ ದೊಡ್ಡದು."

"ದೊಡ್ಡದೇ. ನನಗೂ ಇಲ್ಲಿ ಕೆಲಸ ಮುಗಿದಿಲ್ಲ, ಬಿಟ್ಟು ಓಡಿ ಬರ್ತೀನಿ ಅಂತ ಸುಳ್ಳು ಹೇಳಲ್ಲ." ಅವಳು ಕಣ್ಣೊರೆಸಿಕೊಂಡು ಅವನನ್ನು ನೇರ ನೋಡಿದಳು, ಗಾಜು ನೀರು ಯಾವುದೂ ನಡುವಿಲ್ಲದೆ. "ಹೋಗು."

ಅವನು ಚಕ್ಕನೆ ತಲೆಯೆತ್ತಿದ. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಅವಳ ಬಾಯಿಂದ ಏಕವಚನ.

"ಏನಂದ್ರಿ?"

"ಹೋಗು ಅಂದೆ. ಹೋಗಿ ಬಾ."

"ಸರಿಯಾಗಿ ಕೇಳಿಸ್ಲಿಲ್ಲ." ಕಣ್ಣು ತುಂಬಿಕೊಂಡೇ ಕೀಟಲೆ ಮಾಡುತ್ತಿದ್ದ. "ಕೊನೇ ಮಾತು ಇನ್ನೊಂದ್ಸಲ ಹೇಳಿ."

"ಬಾ," ಎಂದಳು.

ಅವನು ಮೇಜು ಸುತ್ತಿ ಬಂದ.