ರಾಯಭಾರಿಗಳ ಬೂಟು

ಹಳೆಯ ಚಿತ್ರಗಳ ಕೊಳೆ ತೆಗೆಯುವುದು ನನ್ನ ಕೆಲಸ. ದೆವ್ವ ಗಿವ್ವ ನಂಬುವವಳಲ್ಲ. ನಮ್ಮೂರಿನ ಚಿತ್ರಶಾಲೆಯನ್ನು ತುಂಬಿಸಿದವರು ದೊಡ್ಡ ಮನೆತನದ ಒಬ್ಬ ರಾಯಭಾರಿ. ಪರದೇಶದಿಂದ ಪೆಟ್ಟಿಗೆಗಟ್ಟಲೆ ಚಿತ್ರ ಕಳಿಸಿದರು. ತಾವು ಮಾತ್ರ ಮರಳದೆ ಅಲ್ಲೇ ಮಣ್ಣಾದರು.

ಅಂದು ಮಧ್ಯಾಹ್ನ ಊರೆಲ್ಲ ಮಂಪರಿನಲ್ಲಿತ್ತು. ಅವರ ಆಳೆತ್ತರದ ಚಿತ್ರವನ್ನು ಹತ್ತಿಯಿಂದ ಒರೆಸುತ್ತಿದ್ದೆ. ಬೂಟಿನ ಹತ್ತಿರ ಬಂದಾಗ ಬೆರಳು ತಣ್ಣಗಾಯಿತು. ಹತ್ತಿಯ ತುಂಬ ಹಸಿ ಕೆಮ್ಮಣ್ಣು.

"ಅಕ್ಕಾ, ಇದೇನಿದು?"

ಜೊತೆಗೆ ಕೆಲಸ ಮಾಡುವ ಅಕ್ಕ ಮೂಸಿ ನೋಡಿದಳು. "ಪೈಪ್ ಹಾಕೋಕೆ ಬೆಳಿಗ್ಗೆ ಮುಂಬಾಗಿಲ ಹತ್ರ ಅಗೆದಿದ್ದಾರಲ್ಲ, ಅದೇ ಮಣ್ಣು ಕಣೇ. ನೀನೇ ತುಳ್ಕೊಂಡು ಬಂದಿರ್ತೀಯ."

ಇಬ್ಬರೂ ನಮ್ಮ ನಮ್ಮ ಚಪ್ಪಲಿ ನೋಡಿಕೊಂಡೆವು. ನಾವು ಬಂದದ್ದು ಹಿಂಬಾಗಿಲಿಂದ.

ಆ ಹತ್ತಿಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟಿದ್ದೇನೆ. ಮೂರು ಬೇಸಿಗೆ ಕಳೆದವು, ಇನ್ನೂ ಒಣಗಿಲ್ಲ.