ಕಂದು ಬಣ್ಣದ ನಾಯಿ

"ನಾಯಿ ಅಡ್ಡ ಬಂತು," ಎಂದಳು ಅವಳು.

ನಾಯಿ ಬಂದಿರಲಿಲ್ಲ. ರಸ್ತೆಯಲ್ಲಿದ್ದದ್ದು ಒಂದು ಕಾಂಕ್ರೀಟ್ ಚಪ್ಪಡಿ, ಎರಡು ಬೆರಳಿನಷ್ಟು ಮೇಲೆದ್ದು ನಿಂತದ್ದು. ಬೆಳಗಿನ ಆ ಬೆಳಕಿನಲ್ಲಿ ಐವತ್ತು ಅಡಿ ದೂರದಿಂದಲೇ ಕಾಣುವಂಥದ್ದು. ಅವಳಿಗೆ ಕಾಣಲಿಲ್ಲ. ಅವಳು ರಸ್ತೆ ನೋಡುತ್ತಿರಲಿಲ್ಲ.

ಅವನು ಬಿದ್ದ ಜಾಗದಲ್ಲೇ ಕೂತಿದ್ದ. ಒಂದು ಮಂಡಿ ತರಚಿ ರಕ್ತ ಬರುತ್ತಿತ್ತು. ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದ. ಓಡುವಾಗ ಇಬ್ಬರೂ ಒಂದೊಂದು ತುದಿ ಹಿಡಿಯುತ್ತಿದ್ದ ಮೊಳದುದ್ದದ ಹಗ್ಗ ಪಕ್ಕದಲ್ಲಿ ಬಿದ್ದಿತ್ತು.

"ನಾಯಿನಾ?"

"ಹೂಂ. ಇದ್ದಕ್ಕಿದ್ದ ಹಾಗೆ ಬಂತು."

"ಯಾವ ಬಣ್ಣದ್ದು?"

"ಕಂದು," ಎಂದಳು. ಸುಳ್ಳಿಗೆ ಬಣ್ಣ ಬಳಿಯುವುದು ಇಷ್ಟು ಸುಲಭವೆಂದು ಅವಳಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ಅವನು ಹಗ್ಗಕ್ಕಾಗಿ ನೆಲ ತಡವಿದ.

ಅವನು ಮಕ್ಕಳ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಮೂವತ್ತನೇ ವಯಸ್ಸಿಗೆ ಶುರುವಾದ ಕಾಯಿಲೆ ನಾಲ್ಕು ವರ್ಷದಲ್ಲಿ ಕಣ್ಣಿನ ಬೆಳಕನ್ನು ಪೂರ್ತಿ ತೆಗೆದುಕೊಂಡಿತ್ತು. ಕೃತಕ ಕಾಲು ಹಾಕಿಕೊಂಡು ನಡೆಯಲು ಕಲಿಯುವ ಮಕ್ಕಳ ಹೆಜ್ಜೆ ಸದ್ದು ಕೇಳಿಯೇ ಎಲ್ಲಿ ತಪ್ಪುತ್ತಿದೆ ಎಂದು ಹೇಳುತ್ತಿದ್ದ. ಮಕ್ಕಳು ಅವನನ್ನು ಕಿವಿ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಮೂರು ವಾರದಲ್ಲಿ ನಡೆಯಲಿದ್ದ ಹಾಫ್ ಮ್ಯಾರಥಾನಿಗೆ ತಯಾರಾಗುತ್ತಿದ್ದದ್ದೂ ಅವರಿಗಾಗಿಯೇ. "ಮಕ್ಕಳು ಬೆಳೀತಾರೆ, ಆ ಕಾಲು ಬೆಳೆಯೋಲ್ಲ ನೋಡಿ. ವರ್ಷ ವರ್ಷ ಹೊಸದು ಬೇಕು," ಎಂದು ಮೊದಲ ಭೇಟಿಯಲ್ಲೇ ಹೇಳಿದ್ದ. ಅವನು ಓಡಿದ ಒಂದೊಂದು ಕಿಲೋಮೀಟರಿಗೂ ಇಷ್ಟಿಷ್ಟು ಕೊಡುತ್ತೇವೆಂದು ಎಷ್ಟೋ ಜನ ಒಪ್ಪಿದ್ದರು.

ಅವನಿಗೆ ದಾರಿ ಹೇಳುವವರು ಬೇಕಾಗಿತ್ತು. ಓಟದ ಕ್ಲಬ್ಬಿನವರು ಅವಳನ್ನು ಹಿಡಿದರು. ಅವಳು ಡ್ರೈವಿಂಗ್ ಸ್ಕೂಲಿನ ಮೇಡಂ. ಹದಿನಾಲ್ಕು ವರ್ಷದಿಂದ ಕಲಿಯುವವರ ಪಕ್ಕದ ಸೀಟಿನಲ್ಲಿ, ಕಾಲಡಿಯಲ್ಲಿ ಇನ್ನೊಂದು ಬ್ರೇಕ್ ಇಟ್ಟುಕೊಂಡು ಕೂತವಳು. "ರಸ್ತೆ ನೋಡಿ ರಸ್ತೆ! ನನ್ನ ಮುಖದಲ್ಲಿ ಸಿಗ್ನಲ್ ಇದೆಯಾ?" ಎಂದು ದಿನಕ್ಕೆ ಹತ್ತು ಸಲವಾದರೂ ರೇಗುವವಳು.

ಅಂಥವಳು ರಸ್ತೆ ಬಿಟ್ಟು ಅವನ ಮುಖ ನೋಡಿದ್ದಳು.

ಅದು ಹೇಗೆ ಶುರುವಾಯಿತೋ ಅವಳಿಗೇ ತಿಳಿಯದು. ಏರು ಬಂದಾಗ ಅವನು ಕೆಳತುಟಿಯ ಎಡಮೂಲೆ ಕಚ್ಚಿಕೊಳ್ಳುತ್ತಿದ್ದ. ನಗು ಮೊದಲು ಹುಬ್ಬಿಗೆ ಬಂದು, ಆಮೇಲೆ ತುಟಿಗೆ ಇಳಿಯುತ್ತಿತ್ತು. ಹಣೆಯ ಅಂಚಿನಿಂದ ಹೊರಟ ಬೆವರಿನ ಹನಿಯೊಂದು ಕಿವಿಯ ತುದಿಯಲ್ಲಿ ನೇತಾಡುತ್ತ, ಬೀಳಲೋ ಬೇಡವೋ ಎನ್ನುತ್ತಿತ್ತು. ಅದು ಬೀಳುವ ತನಕ ನೋಡುವುದು ಅವಳ ಗುಟ್ಟಿನ ಆಟ.

ಮದುವೆಯಾಗಿದ್ದ ಹನ್ನೊಂದು ವರ್ಷವೂ ಅವಳು ನೋಡಿಸಿಕೊಂಡವಳು. ಗಂಡ ಬೆಳಿಗ್ಗೆ ಬಾಗಿಲ ಬಳಿ ನಿಂತು ಅಡಿಯಿಂದ ಮುಡಿಯ ತನಕ ನೋಡಿ, "ಇದನ್ನ ಹಾಕ್ಕೊಂಡು ಹೋಗ್ತೀಯಾ?" ಎನ್ನುತ್ತಿದ್ದ. ಬಿಟ್ಟು ಬಂದು ಒಂಬತ್ತು ವರ್ಷವಾದರೂ ಕನ್ನಡಿ ಮುಂದೆ ನಿಂತರೆ ಆ ದನಿಯೇ ಮೊದಲು ಕೇಳುತ್ತಿತ್ತು. ಇವನ ಪಕ್ಕದಲ್ಲಿ ಓಡುವಾಗ ಮಾತ್ರ ಅವಳನ್ನು ಯಾರೂ ನೋಡುತ್ತಿರಲಿಲ್ಲ. ಮೊದಲು ಅದು ನೆಮ್ಮದಿಯಾಗಿತ್ತು. ಬರಬರುತ್ತ ಆಸೆಯಾಯಿತು. ತಿರುಗಿ ನೋಡಲಾರದವನನ್ನು ಹೀಗೆ ಮನಸಾರೆ ನೋಡುವುದು ಕಳ್ಳತನವಲ್ಲದೆ ಇನ್ನೇನು ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಕೇಳಿಕೊಂಡು ಮತ್ತೆ ನೋಡುತ್ತಿದ್ದಳು.

ಮಣಿಕಟ್ಟು ಉಳುಕಿ ಎರಡು ವಾರ ಅವನು ಕೆಲಸ ಮಾಡುವಂತಿರಲಿಲ್ಲ. ಅವನ ಕೈಗಾಗಿ ಕಾಯುವ ಮಕ್ಕಳು ಕಾದರು. ಅವಳು ದಿನವೂ ಫೋನ್ ಮಾಡಿದಳು. "ಪರವಾಗಿಲ್ಲ, ಆಗುತ್ತೆ ಬಿಡಿ," ಎನ್ನುತ್ತಿದ್ದ, ಅಪರಿಚಿತರ ಜೊತೆ ಮಾತಾಡುವಷ್ಟು ಮರ್ಯಾದೆಯಿಂದ. ಓಟಕ್ಕೆ ಐದು ದಿನ ಇರುವಾಗ ಕ್ಲಬ್ಬಿನಿಂದ ಮೆಸೇಜ್ ಬಂತು. ಅವನು ಇನ್ನೊಬ್ಬರ ಜೊತೆ ಓಡುತ್ತಾನಂತೆ. ಬ್ಯಾಂಕಿನವರೊಬ್ಬರು ಒಪ್ಪಿದ್ದಾರಂತೆ.

ಅವಳು ಬಟ್ಟೆ ಹಿಂಡಿ ಫ್ರಿಜ್ ಒರೆಸಲು ನಿಂತಳು.

"ನಿಲ್ಲಿಸೇ ಸಾಕು," ಎಂದಳು ಅಕ್ಕ, ಸೋಫಾದಿಂದಲೇ. ಇಬ್ಬರೂ ಒಂದೇ ಮನೆಯಲ್ಲಿದ್ದರು. "ಸುಳ್ಳು ಹೇಳಿದಾಗೆಲ್ಲ ನೀನು ಏನಾದ್ರೂ ಒರೆಸ್ತೀಯ. ಚಿಕ್ಕವಳಿದ್ದಾಗಿಂದ ನೋಡ್ತಿದೀನಿ. ಎರಡು ವಾರದಿಂದ ನಮ್ಮ ಫ್ರಿಜ್ಜಲ್ಲಿ ಮುಖ ಕಾಣ್ತಿದೆ."

"ಏನು ಸುಳ್ಳು?"

"ಅದೇ ಆ ನಾಯಿ. ಹೋಗಿ ಹೇಳಿಬಿಡು."

"ಏನಂತ ಹೇಳಲಿ ಅಕ್ಕ? ನಿಮ್ಮ ಮುಖ ನೋಡ್ತಾ ಮೈಮರೆತಿದ್ದೆ, ಅದಕ್ಕೇ ನೀವು ಬಿದ್ರಿ ಅಂತಾನಾ? ಈ ವಯಸ್ಸಲ್ಲಿ?"

ಅಕ್ಕ ಕನ್ನಡಕ ತೆಗೆದು ಅವಳನ್ನೇ ನೋಡಿದಳು. ನಗಲಿಲ್ಲ. "ಮತ್ಯಾವ ವಯಸ್ಸಲ್ಲಿ ಹೇಳ್ತೀಯ? ಎಪ್ಪತ್ತಕ್ಕಾ?"

ಮರುದಿನ ಅವಳು ಆಸ್ಪತ್ರೆಗೆ ಹೋದಾಗ, ಉದ್ದನೆಯ ಎರಡು ಕಂಬಿಗಳ ನಡುವೆ ಏಳು ವರ್ಷದ ಹುಡುಗಿಯೊಬ್ಬಳು ಹೊಸ ಕಾಲಿನಲ್ಲಿ ನಡೆಯುತ್ತಿದ್ದಳು.

"ಎಡಗಾಲು ಎಳೀಬೇಡ ಪುಟ್ಟಿ."

"ಎಳೀತಿಲ್ಲ ಡಾಕ್ಟ್ರೇ."

"ಕೇಳಿಸ್ತಿದೆಯಲ್ಲ ನನಗೆ."

ಹುಡುಗಿ ನಾಲಿಗೆ ಕಚ್ಚಿಕೊಂಡು ಕಾಲು ಎತ್ತಿಟ್ಟಳು. ಅವಳ ತಾಯಿ ಬಂದು ಕರೆದುಕೊಂಡು ಹೋದ ಮೇಲೆ ಕೋಣೆಯಲ್ಲಿ ಇವರಿಬ್ಬರೇ ಉಳಿದರು. ಬಾಗಿಲ ಬಳಿ ನಿಂತೇ ಹೇಳಿದಳು.

"ನಾಯಿ ಬಂದಿರಲಿಲ್ಲ."

"ಗೊತ್ತು. ನಾಯಿ ಓಡಿದ್ರೆ ಉಗುರಿನ ಸದ್ದಾಗುತ್ತೆ."

"ಆವತ್ತೇ ಕೇಳಬಹುದಿತ್ತಲ್ಲ."

"ಕೇಳಿದೆನಲ್ಲ. ಬಣ್ಣ ಕೇಳಿದೆ. ನೀವು ಅದನ್ನೂ ಹೇಳಿದ್ರಿ."

ಅವಳು ಬಾಗಿಲಿನ ಹಿಡಿ ಹಿಡಿದುಕೊಂಡಳು.

"ಬಿದ್ದಿದ್ದಕ್ಕೆ ಕೋಪ ಇಲ್ಲ ನನಗೆ," ಎಂದ ಅವನು. "ಐದು ತಿಂಗಳು ನೀವು ಹೇಳಿದ್ದನ್ನೆಲ್ಲ ನಂಬಿದ್ದೆ. ಕೆರೆ ಮೇಲೆ ಮಂಜು ಕೂತಿದೆ ಅಂದ್ರಿ. ತಿರುವಿನಲ್ಲಿ ಹಳದಿ ಬಾಗಿಲಿನ ಮನೆ ಇದೆ ಅಂದ್ರಿ. ನನಗೆ ಅದೆಲ್ಲ ಇತ್ತು. ಆ ನಾಯಿ ಬಂದ ಮೇಲೆ ಒಂದೊಂದೇ ಹೋಯ್ತು. ಆ ಬಾಗಿಲು ಹಳದಿನೋ ಅಲ್ಲವೋ ಅಂತ ಯಾರನ್ನ ಕೇಳಲಿ?"

"ಹಳದಿನೇ. ನನ್ನಾಣೆ ಹಳದಿ."

"ಹಾಗಾದ್ರೆ ಆವತ್ತು ಏನು ನೋಡ್ತಿದ್ರಿ?"

"ನಿಮ್ಮನ್ನ."

ಹೇಳಿದ್ದೇ ತಡ, ಉಳಿದದ್ದೆಲ್ಲ ತಾನಾಗಿ ಬಂತು. "ಆವತ್ತೊಂದೇ ದಿನ ಅಲ್ಲ. ನಿಮಗೆ ಗೊತ್ತಾಗೋಲ್ಲ ಅನ್ನೋ ಧೈರ್ಯದಲ್ಲಿ ತಿಂಗಳುಗಟ್ಟಲೆ ನೋಡಿದೀನಿ. ಕೆಟ್ಟದ್ದು ಅಂತ ಗೊತ್ತು. ಕ್ಷಮಿಸಿ."

ಅವನ ಹುಬ್ಬು ಒಂದಿಷ್ಟೇ ಮೇಲೇರಿತು. ನಗು ಮಾತ್ರ ಕೆಳಗೆ ಇಳಿಯಲಿಲ್ಲ.

"ಅದೂ ಗೊತ್ತಿತ್ತು," ಎಂದ ಮೆಲ್ಲಗೆ. "ರಸ್ತೆ ನೋಡ್ತಾ ಮಾತಾಡಿದ್ರೆ ದನಿ ಮುಂದಕ್ಕೆ ಹೋಗುತ್ತೆ. ನನ್ನ ಕಡೆ ತಿರುಗಿದ್ರೆ ನೇರ ಕಿವಿಗೇ ಬರುತ್ತೆ. ಎರಡನೇ ತಿಂಗಳಿಂದ ಹಾಗೇ ಬರ್ತಿತ್ತು."

ಅವಳ ಕೆನ್ನೆ, ಕಿವಿ, ಕತ್ತು ಎಲ್ಲ ಬಿಸಿಯಾದವು. ಅಷ್ಟು ದಿನ ಕದ್ದದ್ದೆಲ್ಲ ಮನೆಯೊಡೆಯನ ಎದುರಿಗೇ ಕದ್ದಿದ್ದಳು!

"ಗೊತ್ತಿದ್ದೂ ಸುಮ್ಮನಿದ್ರಾ?"

"ರಸ್ತೆ ನೋಡಿ ಅಂತ ನಾನೇ ಹೇಳಬೇಕಿತ್ತು." ಅವನು ಕಂಬಿಯ ಮೇಲೆ ಬೆರಳಾಡಿಸುತ್ತಿದ್ದ. "ಹೇಳಿದ್ರೆ ನೀವು ನೋಡೋದನ್ನ ಬಿಟ್ಟುಬಿಡ್ತೀರಿ ಅಂತ ಹೇಳಲಿಲ್ಲ. ಈ ಕೈ ಉಳುಕಿದ್ದರಲ್ಲಿ ನನ್ನ ಪಾಲೂ ಇದೆ."

ಹೊರಗಿನ ಕಾರಿಡಾರಿನಲ್ಲಿ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು. ಅವನು ಕಂಬಿ ಬಿಟ್ಟು ಅವಳ ಕಡೆ ತಿರುಗಿದ.

"ಭಾನುವಾರ ನೀವೇ ಬನ್ನಿ," ಎಂದ. "ಬ್ಯಾಂಕಿನವರಿಗೆ ನಾನು ಹೇಳ್ತೀನಿ. ಆದ್ರೆ ಇಪ್ಪತ್ತೊಂದು ಕಿಲೋಮೀಟರ್ ನನ್ನ ಕಡೆ ಒಂದು ಸಲಾನೂ ತಿರುಗಬಾರದು."

"ಇಲ್ಲ. ನಿಮ್ಮ ಮಂಡಿ?"

"ವಾಸಿಯಾಯ್ತು. ಡಾಕ್ಟರು ಓಡಿ ಅಂದಿದಾರೆ."

ಭಾನುವಾರ ಅವಳು ರಸ್ತೆಯನ್ನೇ ನೋಡಿದಳು. "ಐದು ಹೆಜ್ಜೆಗೆ ಎಡ ತಿರುವು. ನೀರಿನ ಲೋಟ ಬಿದ್ದಿವೆ, ಕಾಲು ಎತ್ತಿ. ಬಲಕ್ಕೆ ಜನ." ಕತ್ತು ಮರಗಟ್ಟಿತು. ಓಡುವುದಕ್ಕಿಂತ ನೋಡದಿರುವುದೇ ಹೆಚ್ಚು ಆಯಾಸವಾಗಿತ್ತು. ಹತ್ತನೇ ಕಿಲೋಮೀಟರಿನಲ್ಲಿ ಅವನು ನಕ್ಕ ಸದ್ದು ಕೇಳಿತು. ಹುಬ್ಬಿನಿಂದ ತುಟಿಗೆ ಇಳಿದಿರಬೇಕು ಎಂದುಕೊಂಡಳು, ಕಣ್ಣು ದಾರಿಯ ಮೇಲೇ ಇಟ್ಟು.

ಹದಿನಾರರ ಆಚೆ ಅವನ ಮಾತು ನಿಂತಿತು. ಎರಡು ಹೆಜ್ಜೆಗೊಮ್ಮೆ ಹಗ್ಗ ಬಿಗಿಯಾಗತೊಡಗಿತು.

"ನೋವಾ?"

"ಇಲ್ಲ."

ಸ್ವಲ್ಪ ದೂರ ಓಡಿದರು. ಹಗ್ಗ ಮತ್ತೆ ಜಗ್ಗಿತು.

"ಇದು ಯಾವ ಬಣ್ಣದ ನಾಯಿ?" ಎಂದಳು ಅವಳು.

ಏದುಸಿರಿನ ನಡುವೆ ಉತ್ತರ ಬಂತು. "ಮಂಡಿ."

"ಡಾಕ್ಟರು ನಿಜಕ್ಕೂ ಏನಂದಿದ್ರು?"

"ಆರು ವಾರ ಓಡಬೇಡಿ ಅಂದಿದ್ರು."

ಅವಳು ನಿಂತೇಬಿಟ್ಟಳು. ಹಿಂದಿನಿಂದ ಬಂದವರು ಪಕ್ಕಕ್ಕೆ ಸರಿದು ಓಡಿದರು. "ಮಕ್ಕಳಿಗೂ ಹೀಗೇ ಹೇಳಿಕೊಡ್ತೀರಾ?"

"ಮಕ್ಕಳು ಹೀಗೆ ಮಾಡಿದ್ರೆ ಬೈತೀನಿ."

"ಬೈಸ್ಕೊಳ್ಳಿ ಹಾಗಾದ್ರೆ!" ಹದಿನಾಲ್ಕು ವರ್ಷದ ಅಭ್ಯಾಸ ಬಾಯಿಗೆ ಬಂತು. ಬೈದಳು. ಬೈಯುತ್ತ ಬೈಯುತ್ತ ನಡುವೆ ನಿಲ್ಲಿಸಿದಳು. ಇವನೂ ತನ್ನಂತೆಯೇ, ಪಕ್ಕದಲ್ಲಿರುವ ಆಸೆಗೆ ಸುಳ್ಳು ಹೇಳಿದವನು. ಇಂಥ ಇಬ್ಬರು ಕೂಡಿದರೆ ಯಾರು ಯಾರನ್ನು ಕಾಯುವುದು?

ಹದಿನೇಳನೇ ಕಿಲೋಮೀಟರಿನ ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ನರ್ಸ್ ಊದಿದ ಮಂಡಿಗೆ ಐಸ್ ಇಟ್ಟು, ಬಿಗಿಯಾಗಿ ಪಟ್ಟಿ ಸುತ್ತಿದಳು. "ಓಡೋ ಹಾಗೇ ಇಲ್ಲ. ನಾನು ಹೇಳೋದು ಮನೆಗೆ ಹೋಗಿ ಅಂತ."

"ನಡೆದು ಮುಗಿಸ್ತೀನಿ," ಎಂದ ಅವನು. "ನಡೆದ್ರೂ ಕಿಲೋಮೀಟರ್ ಕಿಲೋಮೀಟರೇ."

ನರ್ಸ್ ನಿಟ್ಟುಸಿರಿಟ್ಟು ಒಂದು ಫಾರಂ ತೆಗೆದಳು. "ಜೊತೆಗಿರೋರು ಜವಾಬ್ದಾರಿ ತಗೊಂಡು ಸಹಿ ಹಾಕಬೇಕು. ಮೇಡಂ, ನೀವು ಇವರಿಗೆ ಏನಾಗಬೇಕು?"

ಉತ್ತರಗಳು ಸಾಲಾಗಿ ಬಂದು ನಿಂತವು. ಗೆಳತಿ. ಪರಿಚಯದವಳು. ಜೊತೆಗೆ ಓಡುವವಳು. ಯಾವುದೂ ಸುಳ್ಳಲ್ಲ. ಯಾವುದೂ ಸಾಲದು. ಪಕ್ಕದ ಮಂಚದಲ್ಲಿ ಕಾಲು ಸೆಟೆದುಕೊಂಡವನೊಬ್ಬ ನರಳುತ್ತಿದ್ದ. ಇತ್ತ ಇವನು ಕತ್ತು ತುಸು ವಾಲಿಸಿ, ಉಸಿರನ್ನೂ ತಡೆದು ಕೇಳಿಸಿಕೊಳ್ಳುತ್ತಿದ್ದ.

"ಇವರನ್ನ ಪ್ರೀತಿಸ್ತೀನಿ," ಎಂದಳು.

ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂದಿತ್ತು ದನಿ. ನರಳುತ್ತಿದ್ದವನು ನರಳುವುದನ್ನು ನಿಲ್ಲಿಸಿದ.

ನರ್ಸ್ ಫಾರಮ್ಮನ್ನು ಮೇಲಿಂದ ಕೆಳಗಿನ ತನಕ ಓದಿದಳು. "ಅದಕ್ಕೆ ಕಾಲಂ ಇಲ್ಲ ಮೇಡಂ. ತಂದೆ, ತಾಯಿ, ಗಂಡ, ಹೆಂಡತಿ, ಇತರೆ."

"ಇತರೆ ಅಂತ ಹಾಕಿ," ಎಂದ ಅವನು. ಅವನ ದನಿ ಒಡೆದಿತ್ತು. "ಸದ್ಯಕ್ಕೆ."

ಅವಳು ಸಹಿ ಹಾಕಿದಳು. ಅಕ್ಷರ ಗೆರೆಯಿಂದಾಚೆ ಹೋಯಿತು.

ಹೊರಗೆ ಬಿಸಿಲೇರಿತ್ತು. ಓಡುವವರು ಬಹಳ ಮಂದಿ ಉಳಿದಿರಲಿಲ್ಲ.

"ಇನ್ನೆಷ್ಟು?"

"ನಾಲ್ಕು."

"ಏರು ಇದೆಯಾ?"

ಅವಳು ರಸ್ತೆಯನ್ನು ಕಣ್ಣು ಹೋಗುವಷ್ಟು ದೂರ ನೋಡಿದಳು. "ಇದೆ. ಕೊನೆಯ ತನಕ ಏರೇ."

"ಸರಿ," ಎಂದು ಅವನು ಕೈಯನ್ನು ಅವಳ ಭುಜದ ಸುತ್ತ ಹಾಕಿ, ತನ್ನ ಭಾರವನ್ನೆಲ್ಲ ಅದರ ಮೇಲೆ ಬಿಟ್ಟ. ಅಷ್ಟು ಭಾರವಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ಕಾಲು ಗಟ್ಟಿಯಾಗಿ ಊರಿಕೊಂಡು, ಮೊದಲ ಹೆಜ್ಜೆ ಇಟ್ಟಳು.