ಸಭಿಕ ಯಂತ್ರ ಮೆಚ್ಚಿದ ಚಿತ್ರ

2058ರಲ್ಲಿ ಮೈಸೂರಿನ ಚಿತ್ರನಿಧಿ ಭವನದ ಸಭಾಂಗಣದಲ್ಲಿ ಕುರ್ಚಿಗಳೇ ಇರಲಿಲ್ಲ. ತೆರೆಯ ಎದುರು ಬೀರುವಿನಷ್ಟು ಎತ್ತರದ ಕಪ್ಪು ಪೆಟ್ಟಿಗೆಯೊಂದು ಒಂಟಿಯಾಗಿ ನಿಂತು ಸಿನಿಮಾ ನೋಡುತ್ತಿತ್ತು. ಅದರ ಹೆಸರು ಸಭಿಕ. ನಾನಾ ದೇಶಗಳ ಲಕ್ಷಾಂತರ ಪ್ರೇಕ್ಷಕರು ಯಾವ ದೃಶ್ಯಕ್ಕೆ ನಕ್ಕರು, ಎಲ್ಲಿ ಆಕಳಿಸಿದರು ಎಂಬುದನ್ನೆಲ್ಲ ವರ್ಷಗಟ್ಟಲೆ ಉಣಿಸಿ, ಅವರ ಮನಸ್ಸಿನ ಪ್ರತಿಕೃತಿಗಳನ್ನು ಅದರೊಳಗೆ ಬೆಳೆಸಲಾಗಿತ್ತು. ಪೆಟ್ಟಿಗೆಯೊಳಗಿನ ಜಪಾನು ನಕ್ಕರೆ ಗೋಡೆಯ ಮೇಲೆ ಹಸಿರು ಗೆರೆ ಏರುತ್ತಿತ್ತು. ಬ್ರೆಜಿಲ್ ಬೇಸರಪಟ್ಟರೆ ಇಳಿಯುತ್ತಿತ್ತು. ಗೆರೆ ಏರಿಸಿದ ಚಿತ್ರಕ್ಕೆ ಸರ್ಕಾರ ಈ ನಿಧಿಯಿಂದ ಹಣ ಕೊಡುತ್ತಿತ್ತು. ಜಗತ್ತಿನ ಮಾರುಕಟ್ಟೆಯಲ್ಲಿ ನಮ್ಮ ಸಿನಿಮಾ ತಲೆಯೆತ್ತಿದ್ದು ಹೀಗೆ ಎಂದು ಪತ್ರಿಕೆಗಳು ಬರೆದವು. ಬರೆದವರಾದರೂ ಆ ಸಿನಿಮಾಗಳನ್ನು ನೋಡಿದ್ದರೋ ಇಲ್ಲವೋ, ದೇವರೇ ಬಲ್ಲ.

ಯಂತ್ರ ಕಟ್ಟಿದ ವಿಜ್ಞಾನಿ ಡಾ. ಗುರುನಂದನ ಶೇಟರನ್ನು ಕಾಣಲು ಒಂದು ಬೆಳಿಗ್ಗೆ ಇಂಚರಾ ಬಣಕಾರ ಬಂದಳು. ರಾಣೆಬೆನ್ನೂರಿನವಳು. ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದ ತನ್ನ ತಾಯಿಯ ಬದುಕನ್ನೇ ಸಿನಿಮಾ ಮಾಡಿದ್ದಳು. ಅದು ನಲವತ್ತು ದೇಶಗಳಿಗೆ ಮಾರಾಟವಾಗಿ ದೊಡ್ಡ ಯಶಸ್ಸು ಎನಿಸಿತ್ತು.

"ಅಭಿನಂದನೆ ಮೇಡಂ. ಮುಂದಿನ ಚಿತ್ರಕ್ಕೂ ಹಣ ಮಂಜೂರಾಗಿದೆ. ನಿಮ್ಮ ಸಹಿ ಒಂದೇ ಬಾಕಿ," ಎಂದರು ಶೇಟ್.

"ಅದಿರ್ಲಿ ಸರ. ನನ್ನ ಸಿನಿಮಾ ಯಾರರ ನೋಡ್ಯಾರೇನ್ರಿ?"

"ನಲವತ್ತು ದೇಶ..."

"ದೇಶ ಅಲ್ರಿ. ಮನುಷ್ಯಾರು."

ಆಗಿದ್ದಿಷ್ಟು. ಇಂಟರ್ವಲ್ ಇರುವ ನಮ್ಮ ಚಿತ್ರಗಳನ್ನು ಎರಡು ಭಾಗ ಮಾಡಿ ಕಳಿಸುವುದು ರೂಢಿ. ಇಂಚರಾಳ ಸಂಕಲನಕಾರ ಅವಸರದಲ್ಲಿ ಎರಡನೆಯ ಭಾಗವನ್ನೇ ಮೊದಲು ಜೋಡಿಸಿಬಿಟ್ಟಿದ್ದ. ತಾಯಿ ಮೊದಲು ಸತ್ತು ಮಣ್ಣಾಗಿ, ಇಂಟರ್ವಲ್ ಮುಗಿದ ಮೇಲೆ ಮದುವೆಯಾಗುತ್ತಿದ್ದಳು. ಮಾರಾಟವಾದ ಪ್ರತಿಯನ್ನು ಮೊನ್ನೆ ಮನೆಯಲ್ಲಿ ಹಾಕಿ ನೋಡಿದಾಗಲೇ ಇದು ಅವಳಿಗೆ ಗೊತ್ತಾದದ್ದು. ಅಲ್ಲಿಯವರೆಗೆ ಯಾವ ದೇಶದಿಂದಲೂ ಒಂದು ದೂರೂ ಬಂದಿರಲಿಲ್ಲ.

"ಸತ್ತಾಕಿ ಎದ್ದು ಬಂದು ಮದುವಿ ಹಸಿಮಣಿ ಮ್ಯಾಲೆ ಕುಂತ್ರೂ ಒಬ್ರೂ ಕೇಳ್ಲಿಲ್ಲಲ್ರೀ!"

"ಸಭಿಕನಿಗೆ ಆ ಜಾಗವೇ ತುಂಬಾ ಹಿಡಿಸಿದೆ," ಎಂದರು ಶೇಟ್, ಮುಖ ತಗ್ಗಿಸಿ.

"ಮತ್ತ ಕೊಂಡವ್ರು?"

ಶೇಟ್ ಸುತ್ತಿ ಬಳಸಿ ಹೇಳಿದರು. ಕೊಂಡವು ಬೇರೆ ದೇಶಗಳ ಚಿತ್ರನಿಧಿಗಳೇ. ಅಲ್ಲಿಯೂ ಇಂಥದೇ ಯಂತ್ರ. ಅವರದನ್ನು ಇವರು, ಇವರದನ್ನು ಅವರು ಕೊಳ್ಳುತ್ತಿದ್ದರು. ಮನೆಮನೆಯ ಗೋಡೆಗಳ ಮೇಲೆ ಚಿತ್ರ ಓಡುತ್ತಿತ್ತು, ಮನೆಯವರು ಅಡುಗೆ ಮಾಡಿಕೊಂಡಿರುತ್ತಿದ್ದರು.

"ನಿನ್ನೆ ಸರಿ ಮಾಡಿದ್ದು ಕಳಿಸೀನಿ. ಇನ್ಮ್ಯಾಲೆ ಅದನ್ನ ತೋರಸ್ರಿ."

"ಅದನ್ನೂ ಯಂತ್ರಕ್ಕೆ ಹಾಕ್ದೆ ಮೇಡಂ. ಗೆರೆ ಏಳಲೇ ಇಲ್ಲ. ಹಳೇದೇ ಇರಲಿ ಅಂತ ಸಹಿ ಮಾಡಿ. ಇಲ್ಲಾಂದ್ರೆ ಮುಂದಿನ ಚಿತ್ರಕ್ಕೆ ಹಣ ಸಿಗಲ್ಲ."

ಇಂಚರಾ ಲೆಕ್ಕ ಹಾಕಿದಳು. ಸಹಿ ಮಾಡದಿದ್ದರೆ ಹಣ ಹೋಗುತ್ತದೆ, ಮಾಡಿದರೆ ಅವ್ವನ ಬದುಕೇ ತಲೆಕೆಳಗಾಗಿ ಉಳಿಯುತ್ತದೆ.

"ಹಂಗಾರ ನೀವ ಕುಂತು ನೋಡ್ರಿ. ಚಲೋ ಇಲ್ಲ ಅಂತ ನಿಮ್ಮ ಬಾಯಿಲೆ ಹೇಳ್ರಿ, ಸಹಿ ಮಾಡ್ತೀನಿ."

ಶೇಟ್ ಒಪ್ಪಿದರು. ಯಂತ್ರವನ್ನು ನಿಲ್ಲಿಸಿ, ಎರಡು ಸ್ಟೂಲು ತರಿಸಿ, ಸರಿ ಮಾಡಿದ ಪ್ರತಿಯನ್ನು ಹಾಕಿಸಿದರು. ತಾಯಿ ರಂಗದ ಮೇಲೆ ಮಾತು ಮರೆತು, ನೋಡಲು ಬಂದವರಿಗೇ ಬೈಯುವ ದೃಶ್ಯ ಬಂತು. ಶೇಟರ ತುಟಿ ಅರಳಿತು; ನಗು ಗಂಟಲಿನವರೆಗೆ ಬಂದಿತ್ತು. ಅಷ್ಟರಲ್ಲಿ ಅವರ ಕಣ್ಣು ತಾನಾಗಿ ಗೋಡೆಯ ಕಡೆ ಹೊರಳಿತು. ಅಲ್ಲಿ ಗೆರೆ ಇರಲಿಲ್ಲ. ಅವರು ನಗುವನ್ನು ನುಂಗಿಕೊಂಡರು.

ಚಿತ್ರ ಮುಗಿಯಿತು.

"ಹೆಂಗಿತ್ರಿ?"

ಶೇಟ್ ಮತ್ತೊಮ್ಮೆ ಗೋಡೆಯ ಕಡೆ ನೋಡಿದರು. ಸುಳ್ಳು ಹೇಳುವವರಲ್ಲ, ಪಾಪ. "ಗೊತ್ತಾಗ್ತಿಲ್ಲ ಮೇಡಂ," ಎಂದರು.

ಇಂಚರಾ ಸಹಿ ಹಾಕದೆ ಎದ್ದು ಬಂದಳು. ಆ ಮನುಷ್ಯನ ಮೇಲೆ ಅವಳಿಗೆ ಸಿಟ್ಟಿಗಿಂತ ಮರುಕವೇ ಹೆಚ್ಚಾಗಿತ್ತು. ಬಸ್ ನಿಲ್ದಾಣದ ಎದುರಿನ ಹಳೆಯ ಟಾಕೀಸಿನಲ್ಲಿ, ನಿಧಿಯ ಹಂಗಿಲ್ಲದೆ ಯಾರೋ ಹುಡುಗರು ಮಾಡಿದ ಚಿತ್ರವೊಂದು ನಡೆಯುತ್ತಿತ್ತು. ನೋಡಿಯೇ ಹೋಗೋಣವೆಂದು ಟಿಕೆಟ್ ಕಿಟಕಿಯ ಮುಂದೆ ನಿಂತಳು. ನಿಂತವಳು ಫೋನ್ ತೆಗೆದು, ಅದಕ್ಕೆ ಜನ ಎಷ್ಟು ಸ್ಟಾರ್ ಕೊಟ್ಟಿದ್ದಾರೆಂದು ಹುಡುಕತೊಡಗಿದಳು.

ಈ ಅಭ್ಯಾಸವನ್ನು ಅವಳಿಗೆ ಸಭಿಕ ಕಲಿಸಿದ್ದಲ್ಲ. ಅದು ಆ ಯಂತ್ರ ಹುಟ್ಟುವ ಎಷ್ಟೋ ವರ್ಷ ಮೊದಲಿನದು, ನಮ್ಮ ನಿಮ್ಮ ಕಾಲದ್ದು.